ಬ್ಯಾಕಪ್ ಇದ್ದರೆ ಸಾಕೇ? ಹಳೆಯ ದಾಖಲೆ ಸರಿ, ನಾಳೆಯದು ತಪ್ಪು!

"ಬ್ಯಾಕಪ್ ಇದೆಯಲ್ಲ, ಇನ್ನೇನು ಭಯ?" ಈ ಮಾತನ್ನು ನೀವೂ ಕೇಳಿರುತ್ತೀರಿ. ಇದು ಅರ್ಧ ಮಾತ್ರ ನಿಜ. ಹಳೆಯ ದಾಖಲೆಗಳು ಒಂದೂ ಬಿಡದೆ ಮರಳಿ ಬಂದರೂ, ನಾಳೆ ಸೇರುವ ದಾಖಲೆ ತಪ್ಪಾಗಬಹುದು.

ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳ ಅರ್ಜಿಗಳನ್ನು ಒಂದೇ ಡೇಟಾಬೇಸ್‌ನಲ್ಲಿ ಇಟ್ಟಿದ್ದಾರೆ ಎಂದು ಊಹಿಸಿಕೊಳ್ಳೋಣ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಒಂದು ಟೇಬಲ್ ಇನ್ನೊಂದರ ಕಾಲಂಗಳನ್ನು ಬಳುವಳಿಯಾಗಿ ಪಡೆಯಬಹುದು. ಇಲ್ಲಿ ಬಸವಕಲ್ಯಾಣದ್ದು ತಾಯಿ ಟೇಬಲ್, ಹುಮನಾಬಾದಿನದು ಮರಿ ಟೇಬಲ್. ಕಾಲಂ ಜೊತೆಗೆ ಅದರ ಡೀಫಾಲ್ಟ್ ಕೂಡ ಬರುತ್ತದೆ. ಡೀಫಾಲ್ಟ್ ಎಂದರೆ ಗುಮಾಸ್ತರು ಖಾಲಿ ಬಿಟ್ಟ ಜಾಗದಲ್ಲಿ ತಾನಾಗಿ ಕೂರುವ ಮೌಲ್ಯ. ಮರಿ ಟೇಬಲ್ ಬೇಕಿದ್ದರೆ ತನ್ನದೇ ಡೀಫಾಲ್ಟ್ ಇಟ್ಟುಕೊಳ್ಳಬಹುದು.

ಎರಡೂ ತಾಲ್ಲೂಕಿಗೆ ಬೇರೆ ಬೇರೆ ಸ್ಕೀಮಾ, ಅಂದರೆ ಬೇರೆ ಬೇರೆ ಕಪಾಟು. ಎರಡರಲ್ಲೂ ಅರ್ಜಿ ಸಂಖ್ಯೆ ಕೊಡುವ ಫಂಕ್ಷನ್‌ಗೆ 'ಮುಂದಿನ_ಸಂಖ್ಯೆ' ಎಂದೇ ಹೆಸರು. ಹೆಸರು ಒಂದೇ, ಕೆಲಸ ಬೇರೆ. ಎಡವಟ್ಟು ಆಗುವುದು ಇಲ್ಲೇ.

ಬ್ಯಾಕಪ್ ತೆಗೆಯುವ ಪಿಜಿ_ಡಂಪ್, ತಾಯಿಯಿಂದ ಹೇಗೂ ಬರುವ ಡೀಫಾಲ್ಟ್ ಅನ್ನು ಮರಿಗೆ ಮತ್ತೆ ಬರೆಯುವುದಿಲ್ಲ. ಹಿಂದೆ ಅದು ಎರಡೂ ಡೀಫಾಲ್ಟ್‌ಗಳ ಅಕ್ಷರಗಳನ್ನಷ್ಟೇ ಹೋಲಿಸುತ್ತಿತ್ತು. ಕಪಾಟಿನ ಹೆಸರಿಲ್ಲದೆ ನೋಡಿದರೆ ಎರಡೂ ಒಂದೇ! ಹೀಗಾಗಿ ರಿಸ್ಟೋರ್ ಮಾಡಿದ ಮೇಲೆ ಹುಮನಾಬಾದಿನ ಹೊಸ ಅರ್ಜಿಗೆ ಬಸವಕಲ್ಯಾಣದ ಸರಣಿಯ ಸಂಖ್ಯೆ ಬೀಳುತ್ತಿತ್ತು. ಎರರ್ ಸಂದೇಶ ಬರುವುದಿಲ್ಲ, ಸಾಲುಗಳ ಲೆಕ್ಕವೂ ತಾಳೆಯಾಗುತ್ತದೆ. ಏಕೆಂದರೆ ಹಳೆಯ ಸಾಲುಗಳು ತಮ್ಮ ಮೌಲ್ಯದ ಸಮೇತ ಬರುತ್ತವೆ, ಅವಕ್ಕೆ ಡೀಫಾಲ್ಟ್ ಬೇಕಾಗುವುದೇ ಇಲ್ಲ. ಅರ್ಜಿದಾರ ಚೀಟಿ ಹಿಡಿದು ಕಿಟಕಿಗೆ ಬಂದು, ಆ ಸಂಖ್ಯೆ ಹುಮನಾಬಾದಿನ ಪಟ್ಟಿಗೆ ಹೊಂದದಿದ್ದಾಗಲೇ ಗೊತ್ತಾಗುವುದು.

ನಮ್ಮ ಉದಾಹರಣೆ ಕಾಲ್ಪನಿಕ, ದೋಷ ಕಾಲ್ಪನಿಕವಲ್ಲ. 2012ರ ಫೆಬ್ರವರಿಯಲ್ಲಿ ಬಂದ 9.1.3 ಆವೃತ್ತಿಯಲ್ಲಿ ಇದನ್ನು ಸರಿಪಡಿಸಲಾಯಿತು. 2018ರ ಮಾರ್ಚ್‌ನ 10.3ರಿಂದ ಪಿಜಿ_ಡಂಪ್ ಸ್ಕೀಮಾದ ಹೆಸರನ್ನೂ ಸೇರಿಸಿಯೇ ಬರೆಯುತ್ತದೆ (ಅದಕ್ಕೆ ಕಾರಣ ಬೇರೆಯೇ ಒಂದು ಭದ್ರತಾ ಲೋಪ).

ಹಾಗಾದರೆ ಹೊಸ ಆವೃತ್ತಿ ಇದ್ದವರು ನಿಶ್ಚಿಂತರೇ? ಈ ದೋಷದ ಮಟ್ಟಿಗೆ ಹೌದು. ಆದರೆ ಮರಿ ಟೇಬಲ್‌ಗೆ ಬೇರೆ ಡೀಫಾಲ್ಟ್ ಕೊಟ್ಟ ಮೇಲೆ ಯಾರಾದರೂ ತಾಯಿಯ ಡೀಫಾಲ್ಟ್ ಬದಲಿಸುವಾಗ 'ಓನ್ಲಿ' ಎಂಬ ಪದ ಮರೆತರೆ, ಆ ಬದಲಾವಣೆ ಮರಿಗಳಿಗೂ ಇಳಿಯುತ್ತದೆ. ಆಮೇಲೆ ತೆಗೆದ ಬ್ಯಾಕಪ್ ಆ ತಪ್ಪನ್ನೇ ನಿಷ್ಠೆಯಿಂದ ಉಳಿಸಿಕೊಡುತ್ತದೆ. ಆದ್ದರಿಂದ ಬ್ಯಾಕಪ್ ಅನ್ನು ಬೇರೊಂದು ಕಂಪ್ಯೂಟರಿನಲ್ಲಿ ರಿಸ್ಟೋರ್ ಮಾಡಿ, ಸಾಲು ಎಣಿಸಿ ಸುಮ್ಮನಾಗದೆ, ಪ್ರತಿ ಮರಿ ಟೇಬಲ್‌ಗೂ ಒಂದು ಹೊಸ ಸಾಲು ಸೇರಿಸಿ, ಖಾಲಿ ಬಿಟ್ಟ ಕಾಲಂನಲ್ಲಿ ಏನು ಬಂದಿದೆ ಎಂದು ನೋಡಿ.