ಎಣಿಸದೆ ಅಳಿಸಲಾಗದ ಕಣ್ಣುರೋಗ

ಟ್ರಕೋಮಾ ಒಂದೇ ಸಲಕ್ಕೆ ಕಣ್ಣು ಕಳೆಯುವ ರೋಗವಲ್ಲ. ಇದನ್ನು ತರುವ ಬ್ಯಾಕ್ಟೀರಿಯ ಮಕ್ಕಳ ಕೈಗಳಿಂದ, ಹಲವರು ಮುಖ ಒರೆಸಿಕೊಳ್ಳುವ ಒಂದೇ ಬಟ್ಟೆಯಿಂದ, ಕಣ್ಣಿನ ಗೀಜಿಗೆ ಮುತ್ತುವ ನೊಣಗಳಿಂದ ಹರಡುತ್ತದೆ. ಸೋಂಕು ವರ್ಷಗಟ್ಟಲೆ ಮರುಕಳಿಸಿದರೆ ರೆಪ್ಪೆಯ ಒಳಮೈ ಕಲೆಗಟ್ಟಿ ಸುರುಟಿಕೊಳ್ಳುತ್ತದೆ. ರೆಪ್ಪೆಗೂದಲು ಒಳಕ್ಕೆ ತಿರುಗಿ, ಕಣ್ಣು ಮಿಟುಕಿಸಿದಾಗಲೆಲ್ಲ ಕರಿಗುಡ್ಡೆಯನ್ನು ಗೀರುತ್ತದೆ. ಎಳವೆಯ ಸೋಂಕು ಕಣ್ಣನ್ನು ಕಸಿಯುವುದು ಎಷ್ಟೋ ವರ್ಷಗಳ ನಂತರ. ಹಾಗೆ ದೃಷ್ಟಿ ಕಳೆದುಕೊಳ್ಳುವವರಲ್ಲಿ ಮಕ್ಕಳನ್ನು ಸಾಕುವ ಹೆಂಗಸರೇ ಹೆಚ್ಚು. ಸೋಂಕಿರುವ ಅನೇಕ ಮಕ್ಕಳಿಗೆ ತೊಂದರೆಯೇ ಗೊತ್ತಾಗುವುದಿಲ್ಲ, ಅವರು ವೈದ್ಯರ ಬಳಿ ಹೋಗುವುದೂ ಇಲ್ಲ. ಆದ್ದರಿಂದ ಆಸ್ಪತ್ರೆಯ ದಾಖಲೆ ನೆಚ್ಚಿ ಕೂತರೆ ಈ ರೋಗದ ನೆಲೆ ಸಿಗದು. ಮನೆಮನೆಗೆ ಹೋಗಿ ರೆಪ್ಪೆ ಮಗುಚಿ ನೋಡುವ ಸಮೀಕ್ಷೆಯೇ ಚಿಕಿತ್ಸೆಯ ಮೊದಲ ಹೆಜ್ಜೆ.

ಹೀಗೆ ಎಣಿಸಲು ಬೇಕಾಗುವ ಹಣದಲ್ಲಿ ಎಲ್ಲರಿಗೂ ಮಾತ್ರೆ ಹಂಚಬಹುದಲ್ಲ ಎಂದು ಕೇಳುವವರಿದ್ದಾರೆ. ಟ್ರಕೋಮಾಕ್ಕೆ ಔಷಧ ಕೊಡುವುದು ಒಬ್ಬೊಬ್ಬ ರೋಗಿಗಲ್ಲ, ಇಡೀ ಜಿಲ್ಲೆಗೆ ಎಂಬುದನ್ನು ಮರೆತರೆ ಮಾತ್ರ ಆ ಮಾತು ಸರಿ ಎನಿಸುತ್ತದೆ. ಒಂದರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಸಕ್ರಿಯ ರೋಗ ಶೇ. 5ಕ್ಕಿಂತ ಕಡಿಮೆಯಿದ್ದರೆ ಅಜಿತ್ರೋಮೈಸಿನ್ ಎಂಬ ಆಂಟಿಬಯಾಟಿಕ್ ಅನ್ನು ಸಾಮೂಹಿಕವಾಗಿ ಹಂಚುವುದು ಬೇಡ. ಹೆಚ್ಚಿದ್ದರೆ ಎಷ್ಟು ವರ್ಷ ಕೊಡಬೇಕೆಂಬುದೂ ಆ ಪ್ರಮಾಣದ ಮೇಲೆಯೇ ನಿಂತಿದೆ. ಬೇಡದ ಊರಿಗೆ ಆಂಟಿಬಯಾಟಿಕ್ ಸುರಿದರೆ ಬ್ಯಾಕ್ಟೀರಿಯಗಳು ಅದಕ್ಕೆ ಬಗ್ಗದಂತಾಗುವ ಅಪಾಯವಿದೆ, ಬೇಕಾದ ಊರಿಗೆ ಅದು ತಲುಪದೆಯೂ ಹೋಗಬಹುದು. 2012ರ ಕೊನೆಯಿಂದ 2016ರ ಆರಂಭದವರೆಗೆ 29 ದೇಶಗಳಲ್ಲಿ ನಡೆದ ಜಾಗತಿಕ ಟ್ರಕೋಮಾ ನಕ್ಷೆ ಯೋಜನೆ ಇಂಥ ಎಣಿಕೆಗೆ ದೊಡ್ಡ ಉದಾಹರಣೆ. ಇಥಿಯೋಪಿಯದ ಒರೋಮಿಯಾದಲ್ಲಿ ಶುರುವಾದ ಆ ಕೆಲಸದಲ್ಲಿ ಸುಮಾರು 26 ಲಕ್ಷ ಜನರ ಕಣ್ಣು ಪರೀಕ್ಷಿಸಿ, ವಿವರಗಳನ್ನು ಸ್ಮಾರ್ಟ್‌ಫೋನಿನಲ್ಲಿ ದಾಖಲಿಸಿದರು. ಪ್ರಯೋಗಾಲಯದ ಹಂಗಿರಲಿಲ್ಲ. ಆದರೆ ಪರೀಕ್ಷಕರು ಕಂಡದ್ದು ಪರಿಣತರು ಕಂಡದ್ದಕ್ಕೆ ತಾಳೆಯಾಗುತ್ತದೆಯೇ ಎಂದು ಮೊದಲೇ ಒರೆಹಚ್ಚುತ್ತಿದ್ದರು. ಸಂಖ್ಯೆಯನ್ನು ನಂಬಬಹುದಾದದ್ದು ಆ ಕಟ್ಟುನಿಟ್ಟಿನಿಂದ.

ಆಯ್ದ ಕೆಲವು ಹಳ್ಳಿಗಳನ್ನು ನೋಡಿ ಜಿಲ್ಲೆಯ ಸರಾಸರಿ ಹೇಳಿದರೆ, ರೋಗ ದಟ್ಟವಾಗಿರುವ ಒಂದು ಕೇರಿ ಕಣ್ತಪ್ಪಬಹುದು ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಅದು ನಿಜ. ಆ ಕಾರಣಕ್ಕೇ ಸಮೀಕ್ಷೆಯ ಘಟಕವನ್ನು ಸಾಮಾನ್ಯವಾಗಿ ಒಂದರಿಂದ ಎರಡೂವರೆ ಲಕ್ಷ ಜನಸಂಖ್ಯೆಗೆ ಸೀಮಿತಗೊಳಿಸುತ್ತಾರೆ. ಔಷಧ ಹಂಚಿದ ಮೇಲೊಮ್ಮೆ, ನಿಲ್ಲಿಸಿ ಕನಿಷ್ಠ ಎರಡು ವರ್ಷ ಕಳೆದ ಮೇಲೆ ಇನ್ನೊಮ್ಮೆ ಎಣಿಸುತ್ತಾರೆ. ನಮ್ಮ ದೇಶವನ್ನೇ ನೋಡಿ: ಭಾರತ 1963ರಲ್ಲೇ ಟ್ರಕೋಮಾ ನಿಯಂತ್ರಣ ಕಾರ್ಯಕ್ರಮ ಶುರುಮಾಡಿತು. 2017ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮಕ್ಕಳಲ್ಲಿನ ಸಕ್ರಿಯ ರೋಗ ಶೇ. 0.7ಕ್ಕೆ ಇಳಿದಿತ್ತು. ಅಲ್ಲಿಗೇ ನಿಲ್ಲಿಸದೆ, ರೆಪ್ಪೆಗೂದಲು ಒಳಕ್ಕೆ ತಿರುಗಿದ ದೊಡ್ಡವರನ್ನೂ ಹುಡುಕಿದ ಮೇಲೆಯೇ, 2024ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ನಿರ್ಮೂಲನೆಯನ್ನು ಮಾನ್ಯಮಾಡಿತು. ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಅದು ಮುಗಿದಿದೆ ಎಂದಷ್ಟೇ ಇದರ ಅರ್ಥ. ಹಳೆಯ ಕಲೆ ಹೊತ್ತ ಕಣ್ಣುಗಳು ಇನ್ನೂ ಇವೆ. ಮನೆಯ ಹಿರಿಯರು ಕಣ್ಣು ಚುಚ್ಚುತ್ತದೆಂದು ಚಿಮಟದಿಂದ ರೆಪ್ಪೆಗೂದಲು ಕಿತ್ತುಕೊಳ್ಳುತ್ತಿದ್ದರೆ ತಡಮಾಡದೆ ಕಣ್ಣಿನ ವೈದ್ಯರಿಗೆ ತೋರಿಸಿ. ಸಣ್ಣ ಶಸ್ತ್ರಚಿಕಿತ್ಸೆಯಿಂದ ರೆಪ್ಪೆಯನ್ನು ಸರಿಪಡಿಸಬಹುದು.