ಮಣ್ಣಿಲ್ಲದ ಕೈತೋಟಕ್ಕೆ ಎಂಥ ಪಂಪು?



ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನಂಥ ಊರಿನ ರೈತರು ಕೊಳವೆಬಾವಿಗೆ ಮೋಟಾರು ಕೊಳ್ಳುವಾಗ ಮೊದಲು ಏಳುವ ಪ್ರಶ್ನೆ ಯಾವುದು ಬಲ್ಲಿರಾ? ‘ನೀರು ಎಷ್ಟು ಅಡಿಯಲ್ಲಿದೆ?’ ಮನೆಯ ತಾರಸಿಯಲ್ಲಿ ಮಣ್ಣಿಲ್ಲದೆ ಸೊಪ್ಪು ಬೆಳೆಯುವ ಹೈಡ್ರೋಪೋನಿಕ್ಸ್ ತೋಟಕ್ಕೆ ಅಂಗೈಯಗಲದ ಪಂಪು ಆರಿಸುವಾಗಲೂ ಕೇಳಬೇಕಾದದ್ದು ಇದನ್ನೇ.

1960ರ ದಶಕದಲ್ಲಿ ಇಂಗ್ಲೆಂಡಿನ ಅಲನ್ ಕೂಪರ್ ಅವರು ರೂಪಿಸಿದ ಪದ್ಧತಿಯಲ್ಲಿ, ಗೊಬ್ಬರದ ಲವಣಗಳು ಕರಗಿದ ನೀರು ಇಳಿಜಾರಾದ ಕೊಳವೆಗಳಲ್ಲಿ ತೆಳುವಾಗಿ ಹರಿದು, ಬೇರುಗಳನ್ನು ತೋಯಿಸಿ, ಮರಳಿ ತೊಟ್ಟಿಗೆ ಬೀಳುತ್ತದೆ. ಅದನ್ನು ಮತ್ತೆ ಮೇಲಕ್ಕೆತ್ತುವುದೇ ಪಂಪಿನ ಕೆಲಸ.

ಒಂದು ಕೊಳವೆಗೆ ನಿಮಿಷಕ್ಕೆ ಒಂದರಿಂದ ಎರಡು ಲೀಟರ್ ನೀರು ಸಾಕು. ನಿಮ್ಮಲ್ಲಿ ನಾಲ್ಕು ಕೊಳವೆಗಳಿವೆ ಎನ್ನೋಣ. ಕೊಳವೆಗೆ ಒಂದೂವರೆ ಲೀಟರಿನಂತೆ ನಿಮಿಷಕ್ಕೆ 6 ಲೀಟರ್, ಗಂಟೆಗೆ 360 ಲೀಟರ್ ಬೇಕಾಯಿತು. ಇನ್ನು ಎತ್ತರ. ತೊಟ್ಟಿಯ ನೀರಿನ ಮಟ್ಟದಿಂದ ಮೇಲಿನ ಕೊಳವೆಯ ಬಾಯಿಯವರೆಗೆ ಅಳೆಯಿರಿ. ಅದು ನಾಲ್ಕು ಅಡಿ, ಅಂದರೆ ಸುಮಾರು 1.2 ಮೀಟರ್ ಇರಲಿ.

ಅಂಗಡಿಯಲ್ಲಿ ಎರಡು ಪಂಪುಗಳಿವೆ. ಎರಡರ ಡಬ್ಬಿಯ ಮೇಲೂ ‘ಗಂಟೆಗೆ 1,000 ಲೀಟರ್’ ಎಂದಿದೆ. ಆದರೆ ಗರಿಷ್ಠ ಎತ್ತರ ಒಂದರದು 1.5 ಮೀಟರ್, ಇನ್ನೊಂದರದು 2.5 ಮೀಟರ್. ಡಬ್ಬಿಯ ಮೇಲಿನ ಲೀಟರ್ ಲೆಕ್ಕ ಸಾಮಾನ್ಯವಾಗಿ ನೀರನ್ನು ಮೇಲೆತ್ತದೆ ಇದ್ದಾಗಿನದು. ಎತ್ತರ ಹೆಚ್ಚಿದಂತೆ ನೀರು ಕಡಿಮೆಯಾಗುತ್ತದೆ. ಗರಿಷ್ಠ ಎತ್ತರದಲ್ಲಿ ಒಂದು ಹನಿಯೂ ಬಾರದು. ಸ್ಥೂಲವಾಗಿ ಎಣಿಸಿದರೆ ನಿಮ್ಮ ಎತ್ತರಕ್ಕೆ ಮೊದಲನೆಯದು 200 ಲೀಟರ್, ಎರಡನೆಯದು 520 ಲೀಟರ್ ಕೊಡುತ್ತದೆ. ಕೊಳವೆಯ ತಿರುವುಗಳೂ ಕಟ್ಟಿಕೊಳ್ಳುವ ಪಾಚಿಯೂ ಸ್ವಲ್ಪ ಹರಿವನ್ನು ತಿನ್ನುವುದರಿಂದ ಎರಡನೆಯದೇ ಸರಿ.

ಲೆಕ್ಕವನ್ನು ನೀವೇ ಪರೀಕ್ಷಿಸಬಹುದು. ಪಂಪನ್ನು ಬಕೆಟ್ಟಿನಲ್ಲಿ ಮುಳುಗಿಸಿ, ಪೈಪನ್ನು ನಾಲ್ಕು ಅಡಿ ಎತ್ತಿ ಹಿಡಿದು ಒಂದು ಲೀಟರಿನ ಬಾಟಲಿ ತುಂಬಿಸಿ. 10 ಸೆಕೆಂಡಿನೊಳಗೆ ತುಂಬಿದರೆ ಪಂಪು ಸಾಕು.

ಹಾಗಾದರೆ ಮನೆಯ ಸಂಪಿಗೆ ಹಾಕುವ ಅರ್ಧ ಅಶ್ವಶಕ್ತಿಯ ಮೋಟಾರನ್ನೇ ಇಟ್ಟರಾಗದೇ? ಬೇಡ. ಅದು ದಿನವಿಡೀ ಓಡಿದರೆ ಸುಮಾರು 9 ಯೂನಿಟ್ ವಿದ್ಯುತ್ ಬೇಕು. 20 ವಾಟಿನ ಪಂಪಿಗೆ ಅರ್ಧ ಯೂನಿಟ್ ಸಾಕು. ಪಂಪು ದೊಡ್ಡದಾದಷ್ಟೂ ನೀರು ಬಿಸಿಯಾಗುತ್ತದೆ. ಬಿಸಿ ನೀರಿನಲ್ಲಿ ಬೇರಿಗೆ ಬೇಕಾದ ಆಮ್ಲಜನಕ ಕಡಿಮೆ.

ಇನ್ನೆರಡು ಎಚ್ಚರಿಕೆ. ಕರೆಂಟು ಹೋದರೆ ತೆಳುನೀರಿನ ಬೇರುಗಳು ಬಿಸಿಲಿನಲ್ಲಿ ಬೇಗ ಒಣಗುತ್ತವೆ. ಕೊಳವೆಯ ಹೊರಬಾಯಿಯನ್ನು ಅಡಿಯಿಂದ ತುಸು ಮೇಲಿಟ್ಟರೆ ಒಳಗೆ ಕೊಂಚ ನೀರು ಉಳಿದು ಗಿಡಗಳನ್ನು ಸ್ವಲ್ಪ ಹೊತ್ತು ಕಾಪಾಡುತ್ತದೆ. ಎರಡನೆಯದು ನಿಮ್ಮ ಪ್ರಾಣದ ಮಾತು: ಲವಣವಿರುವ ನೀರು ವಿದ್ಯುತ್ತನ್ನು ಚೆನ್ನಾಗಿ ಹರಿಯಬಿಡುತ್ತದೆ. ಪ್ಲಗ್ ಕಿತ್ತ ನಂತರವೇ ತೊಟ್ಟಿಗೆ ಕೈಹಾಕಿ. ವಿದ್ಯುತ್ ಸೋರಿದಾಗ ತಾನೇ ಕಡಿದುಕೊಳ್ಳುವ 30 ಮಿಲಿ ಆಂಪಿಯರ್ ಸುರಕ್ಷಾ ಸ್ವಿಚ್ಚನ್ನು ಹಿರಿಯರಿಗೆ ಹೇಳಿ ಹಾಕಿಸಿಕೊಳ್ಳಿ.

ಅಂಗಡಿಗೆ ಹೋಗುವ ಮುನ್ನ ಒಂದು ಟೇಪು ಹಿಡಿದು ತಾರಸಿಗೆ ಹತ್ತಿ. ಎತ್ತರ ತಿಳಿದವರಿಗೆ ಪಂಪಿನ ಆಯ್ಕೆ ಸುಲಭ.