ಮನೆಯ ದ್ರಾಕ್ಷಾರಸಕ್ಕೆ ಓಕ್ ಪೀಪಾಯಿ ಬೇಕೆ?

ಕ್ರಿಸ್ತಜಯಂತಿಯಂದು ಮನೆಯಲ್ಲೇ ಸಿದ್ಧಪಡಿಸಿದ ದ್ರಾಕ್ಷಾರಸವನ್ನು ಬಂಧುಮಿತ್ರರಿಗೆ ನೀಡುವುದು ನಾಡಿನ ಅನೇಕ ಕಥೋಲಿಕ ಕುಟುಂಬಗಳಲ್ಲಿ ನಡೆದುಬಂದ ಪದ್ಧತಿ. ದ್ರಾಕ್ಷಿ, ಸಕ್ಕರೆ, ಯೀಸ್ಟ್, ಹಿಡಿ ಗೋಧಿ, ತುಸು ಲವಂಗ-ದಾಲ್ಚಿನ್ನಿಗಳನ್ನು ಪಿಂಗಾಣಿ ಭರಣಿಯಲ್ಲಿ ಸುಮಾರು ಮೂರು ವಾರ ಹುದುಗಲು ಬಿಟ್ಟು, ಸೋಸಿ ಸೀಸೆಗೆ ತುಂಬುವುದು ಹಿರಿಯರು ಕಲಿಸಿದ ಕ್ರಮ. ಈಗ ಐದು, ಹತ್ತು ಲೀಟರಿನ ಓಕ್ ಪೀಪಾಯಿಗಳೂ ಮಾರಾಟಕ್ಕೆ ಬಂದಿವೆ. ಜೇವರ್ಗಿ ತಾಲ್ಲೂಕಿನ ನೆಲೋಗಿಯಂಥ ಊರಿನಲ್ಲಿ ಇದನ್ನು ಕೊಳ್ಳುವುದು ಯುಕ್ತವೇ?

ಓಕ್ ಮರದ ಗುಣವೇನೆಂಬುದನ್ನು ಮೊದಲು ತಿಳಿಯಬೇಕು. ಅದು ರಸಕ್ಕೆ ವೆನಿಲಾದಂಥ ಪರಿಮಳವನ್ನೂ ಒಗರನ್ನೂ ಕೊಡುತ್ತದೆ. ಮರದ ಸೂಕ್ಷ್ಮ ರಂಧ್ರಗಳಿಂದ ಒಳಸೇರುವ ಅಲ್ಪ ಗಾಳಿ ಕೆಂಪು ರಸದ ಗಡಸುತನವನ್ನು ತಗ್ಗಿಸುತ್ತದೆ. ಆದರೆ ಈ ಕ್ರಿಯೆಗಾಗಿ ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ಬಳಕೆಗೆ ಬಂದ ಪೀಪಾಯಿ 225 ಲೀಟರಿನದು. ಅದನ್ನಿಡುವ ನೆಲಮಾಳಿಗೆಯೂ ತಂಪಾದುದು. ಐದು ಲೀಟರಿನ ಪೀಪಾಯಿಯಲ್ಲಿ ಪ್ರತಿ ಲೀಟರಿಗೆ ತಗಲುವ ಮರದ ಮೈ ಅದರ ಸುಮಾರು ಮೂರೂವರೆ ಪಟ್ಟು. ಆದುದರಿಂದ ಕೆಲವೇ ವಾರಗಳಲ್ಲಿ ದ್ರಾಕ್ಷಿಯ ರುಚಿ ಅಡಗಿ ಮರದ ರುಚಿಯೇ ಉಳಿಯುವ ಸಂಭವವುಂಟು.

ಎರಡನೆಯದು ಹವೆಯ ಮಾತು. ವಿಜಯಪುರದ ಸೀಮೆಯ ದ್ರಾಕ್ಷಿ ಹೇರಳವಾಗಿ ಬರುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಆಗ ಮಾಡಿದ ರಸ ಡಿಸೆಂಬರ್ ಮುಟ್ಟಬೇಕಾದರೆ 40 ಡಿಗ್ರಿ ಮೀರುವ ಮೇ ತಿಂಗಳನ್ನು ದಾಟಲೇಬೇಕು. ಪೀಪಾಯಿಯಿಂದ ಆವಿಯಾಗಿ ಹೋಗುವ ಅಂಶವನ್ನು ಮದ್ಯ ತಯಾರಕರು ‘ದೇವದೂತರ ಪಾಲು’ ಎನ್ನುವುದುಂಟು. ವಿಸ್ಕಿಯಲ್ಲಿ ಈ ಪಾಲು ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು 2. ಬೆಂಗಳೂರಿನಲ್ಲಿಯೇ 10ಕ್ಕೂ ಮೇಲು. ಭೀಮಾ ತೀರದ ಒಣ ಬಿಸಿಲಿನಲ್ಲಿ, ಅದರಲ್ಲೂ ಚಿಕ್ಕ ಪೀಪಾಯಿಯಲ್ಲಿ, ದೇವದೂತರು ಇನ್ನೂ ಉದಾರವಾಗಿ ಸ್ವೀಕರಿಸುವರು! ತೆರವಾದ ಜಾಗಕ್ಕೆ ಗಾಳಿ ಸೇರಿದರೆ ರಸ ವಿನೆಗರ್ ಆಗುತ್ತದೆ. ವರ್ಷದ ಶ್ರಮವೆಲ್ಲ ವ್ಯರ್ಥ.

ಇನ್ನು ದ್ರಾಕ್ಷಿಯ ಜಾತಿ. ಮನೆಗಳಲ್ಲಿ ಮೆಚ್ಚಿನದಾದ ಬೆಂಗಳೂರು ಬ್ಲೂ ತನ್ನ ಹಣ್ಣಿನ ಘಮಕ್ಕೆ ಹೆಸರಾದುದು. ಎಳೆಯದಾಗಿ ಕುಡಿದರೇ ಚೆನ್ನ. ಥಾಮ್ಸನ್ ಸೀಡ್‌ಲೆಸ್ ತಿನ್ನಲು ಬೆಳೆದ ತೆಳು ರಸದ ಹಣ್ಣು. ಓಕ್‌ನ ಭಾರವನ್ನು ಅದು ತಾಳದು.

ಹಾಗಾದರೆ ಮಾಡಬೇಕಾದುದೇನು? ಗುಳ್ಳೆ ಏಳುವುದು ಪೂರ್ಣ ನಿಂತ ಮೇಲೆ ತಳದ ಗಸಿಯನ್ನು ಬಿಟ್ಟು ತಿಳಿಯನ್ನು ಗಾಜಿನ ಸೀಸೆಗಳ ಕೊರಳಿನವರೆಗೆ ತುಂಬಿ ಬಿರಡೆ ಹಾಕಬೇಕು. ಅವಸರದಿಂದ ಬಿಗಿದರೆ ಸೀಸೆ ಸಿಡಿಯುವ ಅಪಾಯವುಂಟು. ಮನೆಯ ತಂಪಾದ, ಕತ್ತಲಿನ ಒಳಕೋಣೆಯೇ ಅವುಗಳಿಗೆ ತಕ್ಕ ಸ್ಥಳ. ಓಕ್‌ನ ರುಚಿ ಬೇಕೆನ್ನುವವರು ಈ ಕೆಲಸಕ್ಕೆಂದೇ ಹುರಿದ ಓಕ್ ಚಕ್ಕೆಗಳನ್ನು ಸೀಸೆಗೆ ತುಂಬುವ ಮೊದಲು ಲೀಟರಿಗೆ ಎರಡು ಗ್ರಾಂನಂತೆ ಹಾಕಿ, ವಾರಕ್ಕೊಮ್ಮೆ ರುಚಿ ನೋಡಿ, ಸಾಕೆನಿಸಿದೊಡನೆ ಸೋಸಬಹುದು. ಬಡಗಿಯ ಮನೆಯ ಚಕ್ಕೆ ಸಲ್ಲದು. ಮದ್ಯ ತಯಾರಿಕೆ, ಮಾರಾಟಗಳು 1965ರ ಕರ್ನಾಟಕ ಅಬಕಾರಿ ಕಾಯ್ದೆಗೆ ಒಳಪಟ್ಟಿವೆ. ಆ ನಿಯಮಗಳನ್ನು ಮೊದಲೇ ವಿಚಾರಿಸಿಕೊಳ್ಳುವುದು ವಿವೇಕ.

ಬಲಿಪೂಜೆಯ ದ್ರಾಕ್ಷಾರಸದ ವಿಷಯ ಬೇರೆ. ಧರ್ಮಸಭೆಯ ಕಾನೂನು ಸಂಹಿತೆಯ 924ನೇ ನಿಯಮದಂತೆ ಅದು ದ್ರಾಕ್ಷಿಯಿಂದಲೇ ಆದ, ಕೆಡದ, ಸ್ವಾಭಾವಿಕ ರಸವಾಗಿರಬೇಕು. ಮಸಾಲೆ ಬೆರೆತ ಮನೆಯ ರಸ ಅತಿಥಿಗಳಿಗೆ ಮಾತ್ರ.

ಈ ಭಾಗದ ಹಿರಿಯರು ಜೋಳವನ್ನು ಹಗೇವಿನಲ್ಲಿ ಕಾಪಾಡಿದ್ದು ಈ ನೆಲದ ಗುಣವನ್ನು ಅರಿತೇ. ಅದೇ ಅರಿವು ಭರಣಿಯನ್ನೂ ಆರಿಸಿತು. ಪೀಪಾಯಿಯ ಹಣವನ್ನು ಒಳ್ಳೆಯ ದ್ರಾಕ್ಷಿಗೆ ವ್ಯಯಿಸಿದರೆ ಹಬ್ಬದ ದಿನ ನೆರೆಮನೆಗೂ ಒಂದು ಸೀಸೆ ಹೆಚ್ಚಾಗಿ ಉಳಿದೀತು.